ಶುಭಾಶಯದ ಬಾಲಕ್ಕೆ ಡಿಸ್ಕೌಂಟು

ಡಿಸೆಂಬರ್ ಬಂತೆಂದರೆ ಫ್ರೀಲಾನ್ಸರ್‌ಗಳ ಮೇಲ್‌ಗಳೆಲ್ಲ ಒಂದೇ ಅಚ್ಚಿನಲ್ಲಿ ಹೊರಡುತ್ತವೆ. ಮೇಲೆ ಹಿಮ ಹೊದ್ದ ಮರ, ನಡುವೆ ಎರಡು ಸಾಲು ಹಾರೈಕೆ, ಕೆಳಗೆ ದಪ್ಪಕ್ಷರದಲ್ಲಿ ‘ವರ್ಷಾಂತ್ಯದ ವಿಶೇಷ ದರ, ಶೇ. 20 ಕಡಿತ’. ಕರಾವಳಿಯ ಇನ್ನಂಜೆಯಲ್ಲಿ ಫ್ಯಾನಿನ ಕೆಳಗೆ ಕೂತು ಸುರಿಸಿದ ಹಿಮ ಅದು; ಇರಲಿ. ನನ್ನ ತಕರಾರು ಹಾರೈಕೆಯನ್ನೂ ಬೇಡಿಕೆಯನ್ನೂ ಒಂದೇ ಲಕೋಟೆಗೆ ತುರುಕುವುದರ ಬಗ್ಗೆ. ಓದುವವನಿಗೆ ಹಾರೈಕೆ ಯಾಕೆ ಬಂತೆಂದು ಮೂರನೇ ಸಾಲಿಗೇ ಗೊತ್ತಾಗುತ್ತದೆ. ಬೇಡಿಕೆ ಏನೆಂದು ಮಾತ್ರ ಕೊನೆಯವರೆಗೂ ಗೊತ್ತಾಗುವುದಿಲ್ಲ.

ಇನ್ನೂ ದೊಡ್ಡ ದೋಷ ಆ ಡಿಸ್ಕೌಂಟು. ಪಕ್ಕದ ಶಂಕರಪುರದ ಮಲ್ಲಿಗೆ ಕಟ್ಟೆಯನ್ನೇ ನೋಡಿ. ಚಳಿಗೆ ಮೊಗ್ಗು ಕಡಿಮೆಯಾದರೆ ಹೂವಿನ ಅಟ್ಟೆಯ ರೇಟು ಏರುತ್ತದೆ. ಹಬ್ಬ ಬಂತೆಂದು ಯಾರೂ ಇಳಿಸುವುದಿಲ್ಲ. ನಮ್ಮ ಕೆಲಸಕ್ಕೂ ಅದೇ ಲೆಕ್ಕ: ಡಿಸೆಂಬರ್ ಕೊನೆಯ ವಾರ ಕ್ಲೈಂಟುಗಳಿರುವ ಲಂಡನ್, ಬರ್ಲಿನ್‌ಗಳಲ್ಲಿ ಸಿಗದಿರುವುದು ಕೆಲಸವಲ್ಲ, ಕೆಲಸ ಮಾಡುವವರು. ಎರಡೂ ಕಡೆ 25, 26 ಸಾರ್ವಜನಿಕ ರಜೆ. ಆಮೇಲೂ ಕಚೇರಿಯಲ್ಲಿ ಕಾಣುವುದು ಬೆರಳೆಣಿಕೆ ಮಂದಿ. ಜನವರಿ ಮೊದಲ ವಾರಕ್ಕೆ ಬೇಕಾದ ವೆಬ್‌ಸೈಟಿನ ತಿದ್ದುಪಡಿಯನ್ನು ಆ ವಾರ ಕೂತು ಮುಗಿಸಿಕೊಡುವವನಿಗೆ ಬೆಲೆ ಇದೆ. ಅವನೇ ಮೊದಲು ರೇಟು ಇಳಿಸಿಕೊಂಡು ನಿಲ್ಲುವುದು ಅಂಜಿಕೆಯಿಂದಲೇ ಹೊರತು ಲೆಕ್ಕಾಚಾರದಿಂದಲ್ಲ.

ಹಾಗಾದರೆ ಏನು ಬರೆಯಬೇಕು? ಇಂಥದ್ದು:

‘ಸೆಪ್ಟೆಂಬರಿನಲ್ಲಿ ಮಾಡಿಕೊಟ್ಟ ಕ್ಯಾಟಲಾಗಿನ ದರಪಟ್ಟಿ ಜನವರಿಗೆ ಬದಲಾಗುತ್ತದೆ ಎಂದಿದ್ದಿರಿ. ನಿಮ್ಮವರು ರಜೆಯಲ್ಲಿರುವಾಗ, 25 ಒಂದನ್ನು ಬಿಟ್ಟು, 22ರಿಂದ 31ರವರೆಗೆ ನಾನು ಕೆಲಸದಲ್ಲಿರುತ್ತೇನೆ. 12ರೊಳಗೆ ಫೈಲು ಬಂದರೆ ಹೊಸ ವರ್ಷಕ್ಕೆ ಸಿದ್ಧ. ರೇಟು ಹಿಂದಿನದೇ.’

ಹಿಮವಿಲ್ಲ, ಮರವಿಲ್ಲ. ಆದರೆ ಕ್ಲೈಂಟಿನ ಕೆಲಸ ನೆನಪಿದೆ, ತಾರೀಕು ಇದೆ, ಹೌದು ಅಥವಾ ಬೇಡ ಎನ್ನಲು ಜಾಗವಿದೆ. ಇದು ಡಿಸೆಂಬರ್ ಮೊದಲ ವಾರವೇ ಹೋಗಬೇಕು. 23ಕ್ಕೆ ಹೋದದ್ದು ‘ರಜೆಯಲ್ಲಿದ್ದೇನೆ’ ಎಂಬ ಸ್ವಯಂಚಾಲಿತ ಉತ್ತರ ತರುತ್ತದೆ, ಅಷ್ಟೆ. ಹೊತ್ತೂ ನೋಡಬೇಕು: ನ್ಯೂಯಾರ್ಕಿನ ಕಚೇರಿ ಬೆಳಿಗ್ಗೆ 9ಕ್ಕೆ ಬಾಗಿಲು ತೆರೆದಾಗ ಇಲ್ಲಿ ರಾತ್ರಿ 7.30.

‘25 ಒಂದನ್ನು ಬಿಟ್ಟು’ ಎಂಬುದನ್ನು ಬೇಕೆಂದೇ ಬರೆದೆ. ಇಲ್ಲಿನ ಕ್ಯಾಥೊಲಿಕ್ ಮನೆಗಳಲ್ಲಿ ಅದು ಕ್ರಿಸ್‌ಮಸ್ ತಿಂಡಿ ಕುಸ್ವಾರ್ ಕರಿಯುವ, ಹಂಚುವ ವಾರ. ಉಳಿದವರಿಗೆ ದೈವದ ನೇಮ, ಕಂಬಳ, ಯಕ್ಷಗಾನ. ಸದಾ ಲಭ್ಯ ಎಂದು ಬರೆದು ನೇಮದ ರಾತ್ರಿ ಫೋನ್ ಎತ್ತದೆ ಕೂರುವುದಕ್ಕಿಂತ ಇಂಥ ದಿನ ಸಿಗುವುದಿಲ್ಲ ಎಂದು ಮೊದಲೇ ಹೇಳಿದರೆ ಮರ್ಯಾದೆ ಉಳಿಯುತ್ತದೆ.

ಇನ್ನೊಂದು ತಪ್ಪು, ಎಲ್ಲರ ವರ್ಷವೂ ಡಿಸೆಂಬರಿಗೇ ಮುಗಿಯುತ್ತದೆ ಎಂದುಕೊಳ್ಳುವುದು. ಕರಾವಳಿಯವರಿಗೆ ಹತ್ತಿರದ ಕ್ಲೈಂಟು ಎಷ್ಟೋ ಸಲ ದುಬೈಯಲ್ಲಿರುತ್ತಾನೆ. ಅಲ್ಲಿ ರಾಷ್ಟ್ರೀಯ ದಿನದ ರಜೆ ಡಿಸೆಂಬರ್ 2, 3ಕ್ಕೆ. 25 ಸರಕಾರಿ ರಜೆಯೇ ಅಲ್ಲ. ಆಸ್ಟ್ರೇಲಿಯಾದ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಒಂದೇ ಕಾರ್ಡನ್ನು ಇವರೆಲ್ಲರಿಗೂ ಹೊಡೆಯುವುದರಲ್ಲಿ ಸೋಮಾರಿತನ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹಾರೈಸಲೇಬಾರದೆಂದಲ್ಲ. ಹಳೆಯ ಪರಿಚಯವಿದ್ದರೆ ಹೊಸ ವರ್ಷಕ್ಕೆ ಎರಡು ಸಾಲು ಹಾಕಿ, ಕೆಲಸದ ಸುದ್ದಿ ಎತ್ತದಿರಿ.

ಇನ್ನು ಬೆಂಗಳೂರು, ಮುಂಬೈಯ ಕ್ಲೈಂಟುಗಳ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಅವರಿಗೆ ಡಿಸೆಂಬರಿನಲ್ಲಿ ಕಳಿಸಬೇಕಾದದ್ದು ಶುಭಾಶಯಕ್ಕಿಂತ ಮೊದಲು ಬಾಕಿ ಬಿಲ್ಲು. ‘ಉದ್ಯಮ್’ ನೋಂದಣಿ ಇರುವ ಸಣ್ಣ ಸೇವಾದಾರರಿಗೆ, ಲಿಖಿತ ಒಪ್ಪಂದವಿದ್ದರೂ, 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ಒಪ್ಪಂದವಿಲ್ಲದಿದ್ದರೆ 15 ದಿನ. ಬಿಲ್ಲಿನ ಕೆಳಗೆ ಆ ನೋಂದಣಿ ಸಂಖ್ಯೆ ಹಾಕಿ ಕಳಿಸಿ.