ಎರಡು ಗಡಿ

ಮಂಗಸೂಳಿಯ ಖಂಡೋಬಾನ ಗುಡಿ ಮುಂದೆ ಭಂಡಾರ ಹಾರುವಾಗ ಕನ್ನಡದವರ್ಯಾರು, ಮರಾಠಿಯವರ್ಯಾರು ಅಂತ ಹೇಳಲಿಕ್ಕಾಗದು. ಎಲ್ಲರ ಹಣೆಯೂ ಹಳದಿ. ಆದರೆ ನಮ್ಮ ಬಹುಪಾಲು ಗಡಿ ಕವಿತೆಗಳಿಗೆ ಗೊತ್ತಿರುವುದು ಒಂದೇ ಜಗಳ: ಬೆಳಗಾವಿ ಯಾರದು? 1967ರ ಮಹಾಜನ ವರದಿ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹಾಕಿದ ದಾವೆ, ಇಷ್ಟೇ ಅವುಗಳ ಬಂಡವಾಳ.

ನಾವು ಕೇಳುತ್ತೇವೆ: ಊರಿಗೂ ಕೇರಿಗೂ ನಡುವಿನ ಗಡಿ ಅಳೆಯಲು ಯಾವ ಆಯೋಗ ಬಂತು? 1925ರಲ್ಲಿ ಅಂಬೇಡ್ಕರರು ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತಾಡಿದರು. ಆ ನಿಪ್ಪಾಣಿ ಈ ಕವಿತೆಗಳಲ್ಲಿ ಎಲ್ಲೈತಿ?

ಇನ್ನು ಪಕ್ಷದ ಗಡಿ. ಕಾಗವಾಡ ಕ್ಷೇತ್ರದಲ್ಲಿ 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಶ್ರೀಮಂತ ಪಾಟೀಲರು 2019ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. ಎದುರಾಳಿ ರಾಜು ಕಾಗೆಯವರು ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಬಂದವರು. 2023ರಲ್ಲಿ ಅವರು ಗೆದ್ದರು. ಚಿಹ್ನೆ ಅದಲುಬದಲಾತು, ಮಂದಿ ಅವರೇ. ಜನ ನಂಬದಿದ್ದರೆ ತಪ್ಪೇನು? ದೊಡ್ಡವರಿಗೆ ಗಡಿ ದಾಟಲು ಒಂದು ರಾತ್ರಿ ಸಾಕು. ಕೇರಿಯವನಿಗೆ ತಲೆಮಾರುಗಳೂ ಸಾಲವು.

ನಮ್ಮ ತಪ್ಪೂ ಇದೆ ಗೆಳೆಯರೇ. 1979ರಲ್ಲಿ ಬಂಡಾಯ ಸಂಘಟನೆ ಕಟ್ಟಿದ ಮೇಲೂ ರಾಜಕಾರಣಿಗಳನ್ನು ಬೈದು ಚಪ್ಪಾಳೆ ಗಿಟ್ಟಿಸಿದ್ದೇವೆ. ಬೈಗುಳ ವಿಮರ್ಶೆಯಲ್ಲ. ಅಪನಂಬಿಕೆಯನ್ನು ಪ್ರಶ್ನೆಯಾಗಿ ತಿರುಗಿಸದ ಪದ್ಯ ಬರೀ ಕಟ್ಟೆಯ ಹರಟೆ. ಓಟು ಕೇಳಲು ಬಂದವನಿಗೆ ಯಾವ ಪಕ್ಷ ಅಂತ ಕೇಳಿ ಸುಮ್ಮನಾಗಬೇಡಿ. ಊರು-ಕೇರಿಯ ಗೆರೆ ಅಳಿಸಲು ಏನು ಮಾಡ್ತೀಯಪಾ ಅಂತ ಕೇಳಿರಿ. ಹಾಗೆ ಕೇಳೋದನ್ನ ಕಲಿಸುವ ಕಾವ್ಯ ನಮಗೆ ಬೇಕು.