ಕ್ಯಾಮೆರಾ ಕೇಳಿಸಿಕೊಂಡದ್ದು

ಸೂರತ್ತಿನ ಅಡಾಜಣ್‌ನಲ್ಲಿ ಮನೆಯಲ್ಲೇ ಕೂತು ‘ಡೂಯಿಂಗ್ ಟೈಮ್, ಡೂಯಿಂಗ್ ವಿಪಸ್ಸನಾ’ ಚಿತ್ರವನ್ನು ಎರಡನೇ ಸಲ ನೋಡಿದೆ. ಇಸ್ರೇಲಿನ ಅಯೆಲೆತ್ ಮೆನಾಹೆಮಿ ಮತ್ತು ಐಲೋನಾ ಏರಿಯಲ್ 1997ರಲ್ಲಿ ಹೊರತಂದ 52 ನಿಮಿಷದ ಸಾಕ್ಷ್ಯಚಿತ್ರ ಇದು. ಎಲ್ಲರೂ ಇದನ್ನು ದೆಹಲಿಯ ತಿಹಾರ್ ಜೈಲು ಮತ್ತು ಅಲ್ಲಿನ ಕೈದಿಗಳಿಗೆ ಧ್ಯಾನ ಶಿಬಿರ ತಂದ ಅಧಿಕಾರಿ ಕಿರಣ್ ಬೇಡಿಯವರ ಚಿತ್ರವೆಂದೇ ನೆನೆಯುತ್ತಾರೆ. ಆದರೆ ನಮ್ಮಿಂದ ರೈಲಿನಲ್ಲಿ ಎರಡು ತಾಸಿನ ದಾರಿಯ ವಡೋದರಾ ಜೈಲೂ ಇದರಲ್ಲಿದೆ.

ಆ ಕೈದಿಗಳು ಕೂತ, ವಿಪಸ್ಸನಾ ಧ್ಯಾನದ ಗುರು ಗೋಯೆಂಕಾರ ಕ್ರಮದ ಶಿಬಿರದ ಶಿಸ್ತು ಕಠಿಣ. ಹತ್ತು ದಿನ, ನಸುಕಿನ ನಾಲ್ಕಕ್ಕೆ ಎಚ್ಚರ, ಮಾತಿಲ್ಲ. ಮೊದಲು ಉಸಿರನ್ನು, ನಾಲ್ಕನೇ ದಿನದಿಂದ ಮೈಯ ಸಂವೇದನೆಗಳನ್ನು ಗಮನಿಸಬೇಕು. ಸಿಟ್ಟು ಯಾರಿಂದ ಬಂತು, ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ. ಎದೆಯ ಬಿಗಿ ಬಂದು ಹೋಗುವುದನ್ನು ಸುಮ್ಮನೆ ನೋಡುತ್ತಿರಬೇಕು. ಫ್ರಾಯ್ಡ್ ಪರಂಪರೆಯ ಚಿಕಿತ್ಸೆಯದು ಇದರ ತಿರುವುಮುರುವು: ಮನಸ್ಸು ಬಿಚ್ಚಿ ಹೇಳಬೇಕು, ಎದುರಿಗೊಬ್ಬರು ಕೇಳಬೇಕು. ಧ್ಯಾನವನ್ನೂ ಮಾತಿನ ಚಿಕಿತ್ಸೆಯನ್ನೂ ಒಟ್ಟಿಗೆ ಹೊಲಿದವರಲ್ಲಿ ಮನಶ್ಶಾಸ್ತ್ರಜ್ಞರಾದ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಮುಖ್ಯರು. ಖಿನ್ನತೆ ಮರುಕಳಿಸದಂತೆ ತಡೆಯುವ ಅವರ ಎಂಟು ವಾರದ ಕ್ರಮದ ಪುಸ್ತಕ 2002ರಲ್ಲಿ ಬಂತು. ಅಲ್ಲಿ ಧ್ಯಾನ ಮುಗಿದ ಮೇಲೆ ಮಾತೂ ಉಂಟು.

ಜೈಲಿನಲ್ಲಿ ಈ ಹೊಲಿಗೆ ಸುಲಭವಲ್ಲ. ಕೈದಿಯ ಮಟ್ಟಿಗೆ ಮಾತೆಂದರೆ ಪೊಲೀಸರು ಬಾಯಿ ಬಿಡಿಸಿದ್ದು, ವಕೀಲರು ಹೇಳಿಕೊಟ್ಟದ್ದು. ಹಾಗಾಗಿ ಅವನಿಗೆ ಮೌನ ಶಿಕ್ಷೆಯಾಗದೆ ಬಿಡುವಾಗಿ ಒದಗಿದ್ದರೆ ಆಶ್ಚರ್ಯವಿಲ್ಲ. ಆದರೆ ಮೌನ ಮುರಿದಾಗ ಆಗುವುದನ್ನು ನೋಡಿ: ಕೈದಿಗಳು ಅಧಿಕಾರಿಗಳನ್ನು ಅಪ್ಪಿಕೊಂಡು ಅಳುತ್ತಾರೆ, ಕ್ಯಾಮೆರಾದ ಮುಂದೆ ಕೂತು ತಮ್ಮ ಕಥೆ ಹೇಳುತ್ತಾರೆ. ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂತಿದ್ದಕ್ಕೇ ಈ ಹಗುರ ಬಂತೆಂದು ಚಿತ್ರ ನಂಬಿದೆ. ನನಗೆ ಅಷ್ಟು ನಂಬಿಕೆಯಿಲ್ಲ. ಯಾರೂ ಕೇಳದಿದ್ದ ಕಥೆಯನ್ನು ತೀರ್ಪು ಕೊಡದೆ ಕೇಳಿಸಿಕೊಂಡದ್ದು ಕ್ಯಾಮೆರಾ; ಚಿಕಿತ್ಸಕರ ಅರ್ಧ ಕೆಲಸವನ್ನು ಅದು ತನಗೇ ಗೊತ್ತಿಲ್ಲದೆ ಮಾಡಿದೆ.

ಚಿತ್ರ ಧ್ಯಾನದ ಪರ ವಕಾಲತ್ತು ವಹಿಸುತ್ತದೆ, ಅದೇ ಅದರ ದೌರ್ಬಲ್ಯ. ಧ್ಯಾನದಿಂದ ಭಯ, ನಿದ್ದೆಗೇಡಿನಂಥ ತೊಂದರೆಗಳೂ ಬರಬಹುದೆಂದು ಅಮೆರಿಕದ ಸಂಶೋಧಕರಾದ ಜ್ಯಾರೆಡ್ ಲಿಂಡಾಲ್, ವಿಲೋಬಿ ಬ್ರಿಟನ್ 2017ರಲ್ಲಿ ಧ್ಯಾನಿಗಳನ್ನೇ ಮಾತಾಡಿಸಿ ದಾಖಲಿಸಿದರು. ತೀವ್ರ ಮನೋರೋಗ ಇದ್ದವರಿಗೆ ಶಿಬಿರ ತಕ್ಕುದಲ್ಲವೆಂದು ಗೋಯೆಂಕಾ ಕೇಂದ್ರಗಳೇ ಹೇಳುತ್ತವೆ. ಇನ್ನೊಂದು ಸೋಜಿಗ: ತಲೆನೋವು ವಾಸಿಯಾಗಲೆಂದು ಬಂದ ಗೋಯೆಂಕಾರನ್ನು ಅವರ ಗುರು ಊ ಬಾ ಖಿನ್, ಇದು ಔಷಧಿಯಲ್ಲವೆಂದು ಮೊದಲು ಒಪ್ಪಿಕೊಂಡಿರಲಿಲ್ಲವಂತೆ.

ಹತ್ತು ದಿನವಾದ ಮೇಲೆ ಶಿಬಿರ ಮುಗಿಯಿತು, ಕ್ಯಾಮೆರಾವೂ ಹೊರಟುಹೋಯಿತು. ಹನ್ನೊಂದನೇ ದಿನ ವಡೋದರಾದ ಬ್ಯಾರಕಿನಲ್ಲಿ ಆ ಕೈದಿಗಳ ಮಾತಿಗೆ ಕಿವಿಯಾದವರು ಯಾರೋ, ಅದನ್ನು ಚಿತ್ರ ತೋರಿಸುವುದಿಲ್ಲ.