ಜಾರದಿರುವ ಸುಖ

ಗ್ರಾನೈಟ್ ಬಂಡೆಯ ಇಳಿಜಾರಿನ ಮೇಲೆ ಬರಿಗಾಲು ಇಟ್ಟ ಕೂಡಲೇ ಅಂಗಾಲಿಗೆ ತಾಗುವುದು ಕಲ್ಲಿನ ತರಿ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಎಚ್ಚರಿಸಿದ್ದು ಸರಿಯೇ. ಆದರೆ ಹತ್ತುವವರಿಗೆ ಅದು ಹತ್ತಿರದಲ್ಲಿ ನುಣ್ಣಗಿಲ್ಲದಿರುವುದೇ ಭಾಗ್ಯ. ಗ್ರಾನೈಟಿನೊಳಗಿನ ಫೆಲ್ಡ್‌ಸ್ಪಾರ್ ಹರಳು ಮಳೆಗೆ ಸಿಕ್ಕಿ ನಿಧಾನವಾಗಿ ಜೇಡಿಯಾಗುತ್ತದೆ, ತೊಳೆದುಹೋಗುತ್ತದೆ. ಬೆಣಚು ಹಾಗೆ ಕರಗುವ ಜಾತಿಯಲ್ಲ. ಸಣ್ಣ ಸಣ್ಣ ಮೊನೆಗಳಾಗಿ ಮೇಲೆ ಉಳಿಯುತ್ತದೆ. ಆ ಮೊನೆಗಳ ಮೇಲೆ ಅಂಗಾಲಿನ ಮೆತ್ತನೆಯ ಚರ್ಮ ಕೂತು ಕಚ್ಚಿಕೊಂಡಾಗ ಮೈಭಾರವೆಲ್ಲ ತಟ್ಟನೆ ನೆಲೆ ಕಂಡುಕೊಳ್ಳುತ್ತದೆ. ಜಾರುತ್ತೇನೇನೋ ಎಂದುಕೊಂಡಿದ್ದವರು ಜಾರದೆ ನಿಂತಿರುತ್ತಾರೆ. ಆ ಗಳಿಗೆಯ ರುಚಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ಇಂಥ ಬಂಡೆಗಳ ನಮ್ಮ ಬಾಗೂರು ಸೀಮೆ ಎಂದರೆ ಹೊರಗಿನವರಿಗೆ ನೆನಪಾಗುವುದು ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗ. ನೆಲದಡಿಯ ಬಂಡೆ ಕೊರೆದು ನೀರು ಹರಿಸಿದ ಸೀಮೆ ಇದು. ನೆಲದ ಮೇಲಿನ ಬಂಡೆ ನೋಡಬೇಕಾದರೆ ತೆಂಗಿನ ತೋಟ, ರಾಗಿ ಹೊಲಗಳ ನಡುವೆ ಚನ್ನರಾಯಪಟ್ಟಣಕ್ಕೆ ಬಂದು ಬೆಳಗೊಳದ ಬಸ್ಸು ಹಿಡಿಯಬೇಕು. ಶ್ರವಣಬೆಳಗೊಳದ ದೊಡ್ಡಬೆಟ್ಟ ಸಮುದ್ರಮಟ್ಟದಿಂದ 3347 ಅಡಿ, ಬುಡದ ಊರಿನಿಂದ ಸುಮಾರು 470 ಅಡಿ. ಎತ್ತರವೇನೂ ಅಲ್ಲ. ಆದರೆ ಬುಡದಲ್ಲೇ ಚಪ್ಪಲಿ ಬಿಡಬೇಕು, ಮೆಟ್ಟಿಲುಗಳನ್ನು ಬೆಟ್ಟದ ಮೈಯಲ್ಲೇ ಕಡೆದಿದ್ದಾರೆ. ಆರುನೂರಕ್ಕೂ ಮಿಕ್ಕಿದ ಆ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರುವುದೆಂದರೆ ಬೆಟ್ಟವನ್ನೇ ಮುಟ್ಟಿಕೊಂಡು ಏರುವುದು.

ಏರುವಾಗ ಒಂದು ಸಂಗತಿಯನ್ನು ಗಮನಿಸಬೇಕು. ಮೆಟ್ಟಿಲಿನ ನಡುಭಾಗ ಯಾತ್ರಿಕರ ಪಾದಗಳು ಉಜ್ಜಿ ಉಜ್ಜಿ ನಯವಾಗಿದೆ. ಅಂಚಿಗೆ ಸರಿದಂತೆ ತರಿ ಮರಳುತ್ತದೆ. ನಾನು ಯಾವಾಗಲೂ ಅಂಚನ್ನೇ ಹಿಡಿಯುತ್ತೇನೆ. ನಡುವಿನ ನುಣುಪಿನಲ್ಲಿ ಭಕ್ತಿಯ ಗುರುತಿದೆ, ಅದಕ್ಕೆ ಕೈಮುಗಿಯುತ್ತೇನೆ. ಕಾಲಿಗೆ ಮಾತ್ರ ಅಂಚೇ ಪ್ರಿಯ. ಮೇಲೆ ಒದೆಗಲ್ ಬಸದಿಯ ಜಗತಿಗೆ ಓರೆಯಾಗಿ ಆನಿಸಿದ ಉದ್ದನೆಯ ಕಲ್ಲುಗಳನ್ನು ನೋಡುತ್ತ ನಿಂತರೆ, ಕಟ್ಟಡಕ್ಕೂ ಇಳಿಜಾರಿನಲ್ಲಿ ನೆಲೆ ನಿಲ್ಲುವುದೇ ಚಿಂತೆ ಎಂದು ತಿಳಿಯುತ್ತದೆ. ಅಖಂಡ ಬಾಗಿಲನ್ನು ಒಂದೇ ಗುಂಡಿನಲ್ಲಿ ಕೊರೆದಿದ್ದಾರೆ. ಚಾವುಂಡರಾಯ ಸುಮಾರು 981ರಲ್ಲಿ ಪ್ರತಿಷ್ಠಾಪಿಸಿದ, ಸುಮಾರು 58 ಅಡಿ ಎತ್ತರದ ಗೊಮ್ಮಟನಂತೂ ಬೆಟ್ಟದ ತುದಿಯ ಬಂಡೆಯೇ. ಹತ್ತುತ್ತ ಅಂಗಾಲು ಅರಿತ ಕಲ್ಲನ್ನೇ ಕೊನೆಗೆ ಕಣ್ಣು ತಲೆಯೆತ್ತಿ ನೋಡುತ್ತದೆ.

ಏರು ಹೀಗೆ ಮಧ್ಯಮವಾಗಿರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ತೀರ ಸಲೀಸಾದ ದಾರಿಯಲ್ಲಿ ಕಾಲು ತನ್ನ ಪಾಡಿಗೆ ನಡೆಯುತ್ತದೆ, ಮನಸ್ಸು ಮನೆಯ ಲೆಕ್ಕಾಚಾರದಲ್ಲಿರುತ್ತದೆ. ತೀರ ಕಡಿದಾದ ಕಡೆ ಕೈಬೆರಳಿನ ತುದಿಯಷ್ಟೇ ಜಗತ್ತು. ಪಕ್ಕದ ಬಿರುಕಿನಲ್ಲಿ ಹುಲ್ಲು ಹೂ ಬಿಟ್ಟಿದ್ದೂ ಕಾಣುವುದಿಲ್ಲ. ಕಾಲಿಗೆ ಪೂರ್ತಿ ಕೆಲಸ ಕೊಟ್ಟು ಕಣ್ಣಿಗೆ ಬಿಡುವು ಉಳಿಸುವ ಏರು ಇವೆರಡರ ನಡುವೆ ಇದೆ. ರುದ್ರಪಟ್ಟಣದಂಥ ಸಂಗೀತದ ಊರು ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲೇ ಇದೆ. ಮಧ್ಯಮಕಾಲದ ಕೃತಿಯ ಹದ ಬಲ್ಲವರಿಗೆ ನಾನು ಹೇಳುತ್ತಿರುವುದು ಏನೆಂದು ಕೂಡಲೇ ಗೊತ್ತಾಗುತ್ತದೆ.

ಹಿಮದ ನಾಡಿನಲ್ಲೂ ಇದೇ ಹದ ಅರಸಿ ಹೊರಡುವವರಿದ್ದಾರೆ. ಸ್ಪಿತಿ, ಲಡಾಖ್‌ಗಳಲ್ಲಿ ಚಳಿಗಾಲಕ್ಕೆ ಜಲಪಾತಗಳು ನಿಂತಲ್ಲೇ ಹೆಪ್ಪುಗಟ್ಟಿ ನೀರ್ಗಲ್ಲಾಗುತ್ತವೆ. ಅಂಥವನ್ನು ಏರುವವರಲ್ಲಿ ಕೆಲವರು, ರಸ್ತೆ ಇಲ್ಲದ ಕಣಿವೆಗಳಲ್ಲಿ, ಸ್ಕೀ ಕಟ್ಟಿಕೊಂಡೇ ಜಲಪಾತದ ಬುಡ ಮುಟ್ಟುತ್ತಾರೆ. ಜಾರುವುದಕ್ಕೆಂದೇ ಮಾಡಿದ ಸ್ಕೀ ಏರು ಹತ್ತುವುದು ಹೇಗೆ? ಅದರ ಅಡಿಗೆ ತುಪ್ಪಳದ ಪಟ್ಟಿ ಅಂಟಿಸುತ್ತಾರೆ. ಹಿಂದೆ ಅದು ಸೀಲ್ ಪ್ರಾಣಿಯ ಚರ್ಮವಾಗಿತ್ತು, ಈಗ ಮೊಹೇರ್ ಅಥವಾ ನೈಲಾನ್. ಕೂದಲೆಲ್ಲ ಹಿಂದಕ್ಕೆ ಒರಗಿರುವುದರಿಂದ ಪಟ್ಟಿ ಮುಂದಕ್ಕೆ ಸಲೀಸಾಗಿ ಸರಿಯುತ್ತದೆ. ಹಿಂದಕ್ಕೆ ಜಾರಲು ಹೋದರೆ ಕೂದಲು ನಿಗುರಿ ಹಿಮವನ್ನು ಹಿಡಿಯುತ್ತದೆ. ಹೋಗಲು ಬಿಡುವ, ಬೀಳಲು ಬಿಡದ ಆ ಏರ್ಪಾಡು ನನಗೆ ಬಹಳ ಚೆಂದ ಕಾಣುತ್ತದೆ. ಬುಡ ಮುಟ್ಟಿದ ಮೇಲೆ ಬೂಟಿಗೆ ಉಕ್ಕಿನ ಮುಳ್ಳು, ಎರಡು ಕೈಗೆ ಎರಡು ಕೊಡಲಿ. ನೀರ್ಗಲ್ಲಿನ ಕಠಿಣತೆಯನ್ನು ‘ಡಬ್ಲ್ಯೂಐ’ ಎಂಬ ಅಂಕದಿಂದ ಅಳೆಯುತ್ತಾರೆ. 2, 3ರ ಅಂಕದವು ಮಧ್ಯಮದ ಪಾಲು, ಪೂರ್ತಿ ನೆಟ್ಟಗಿರದೆ ನಡುನಡುವೆ ಕಾಲಿಗೆ ವಿಶ್ರಾಂತಿ ಕೊಡುವಂಥವು. ಕೊಡಲಿ ಸರಿಯಾಗಿ ಕೂತರೆ ದಪ್ಪನೆಯ ದನಿ ಬರುತ್ತದೆ. ಪೆಡಸು ಮಂಜಾದರೆ ಬಿಲ್ಲೆ ಬಿಲ್ಲೆಯಾಗಿ ಸಿಡಿಯುತ್ತದೆ. ಅಲ್ಲಿ ಹಿಡಿತವನ್ನು ತಿಳಿಸುವುದು ಕಿವಿ, ಇಲ್ಲಿ ಅಂಗಾಲು.

ನಮ್ಮ ಬಂಡೆಗೂ ನೀರಿನ ನಂಟಿದೆ, ಆದರೆ ತಿರುಗುಮುರುಗಾಗಿ. ಮಳೆ ನೀರು ಇಳಿಯುವ ಜಾಡಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಬೆಳೆದು ಬಿಳಿ ಬಂಡೆಯ ಮೇಲೆ ಉದ್ದಕ್ಕೂ ಕಪ್ಪು ಪಟ್ಟೆ ಬೀಳುತ್ತವೆ. ಹಿಮದ ನಾಡಿನವರಿಗೆ ನೀರಿನ ಜಾಡೇ ದಾರಿಯಾದರೆ, ಒದ್ದೆಯಿದ್ದಾಗ ನಮಗೆ ಅದೇ ಜಾಡು ನಿಷಿದ್ಧ. ಒಣಗಿದ ಮಾಗಿಯಲ್ಲಿ ದೂರದಿಂದ ನೋಡಿದರೆ ಮಳೆಗಾಲದ ಹರಿವೆಲ್ಲ ಬೆಟ್ಟದ ಮೈಮೇಲೆ ಬರೆದಿಟ್ಟಂತಿರುತ್ತದೆ.

ದೊಡ್ಡಬೆಟ್ಟದಲ್ಲಿ ಮೆಟ್ಟಿಲು ಬಿಟ್ಟು ಬಂಡೆಗೆ ಕಾಲಿಡಬಾರದು. ಅದು ಪುಣ್ಯಕ್ಷೇತ್ರ, ಸಂರಕ್ಷಿತ ಸ್ಮಾರಕ. ಮೆಟ್ಟಿಲಿಲ್ಲದ ಬಂಡೆಯೇ ಬೇಕೆನ್ನುವವರು ಮಾಗಡಿ ತಾಲ್ಲೂಕಿನ ಸಾವನದುರ್ಗಕ್ಕೆ ಹೋಗಬೇಕು. 1226 ಮೀಟರ್ ಎತ್ತರ, ಕರಿಗುಡ್ಡ ಬಿಳಿಗುಡ್ಡ ಎಂಬ ಎರಡು ಭಾಗ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿದ ಕೋಟೆ ಇಲ್ಲಿಯದೇ. ಬದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಲ್ಲಿ ಬೆರಳಿಗೂ ತೋಳಿಗೂ ಪರೀಕ್ಷೆ; ಸಾವನದುರ್ಗದ ಇಳಿಜಾರಿನಲ್ಲಿ ಹಿಡಿಯಲು ಏನೂ ಇರುವುದಿಲ್ಲ, ಪಾದವನ್ನೇ ನಂಬಬೇಕು. ಬದಾಮಿಯ ಸಾಹಸ ದೊಡ್ಡದಿರಬಹುದು, ನನ್ನ ಒಲವು ಸಾವನದುರ್ಗಕ್ಕೆ. ಆರೋಹಿಗಳು ಅಲ್ಲಿನ ದಾರಿಗಳಿಗೆ ದೀಪಾವಳಿ, ಬೆಳದಿಂಗಳು ಎಂದೆಲ್ಲ ಹೆಸರಿಟ್ಟಿದ್ದಾರೆ. ದೀಪಾವಳಿ ಹಗುರವಾದದ್ದು, ಉದ್ದವಾದದ್ದು. ಒಂದು ಹಗ್ಗದಳತೆ ಮುಗಿಯಿತು ಎನ್ನುವಾಗ ಮತ್ತೊಂದು ಶುರುವಾಗುತ್ತದೆ.

ಕುರುಚಲು ಕಾಡಿನೊಳಗಿನ ನಡಿಗೆ ಮುಗಿದು ಬಂಡೆ ಎದುರಾಗುವ ಹೊತ್ತಿಗೆ ಮೈ ಬಿಸಿಯಾಗಿ, ಉಸಿರು ಒಂದು ಲಯಕ್ಕೆ ಬಂದಿರುತ್ತದೆ. ಸ್ಕೀಯ ಮೇಲೆ ಬಂದವರಿಗೂ ಹೀಗೇ ಆಗುತ್ತಿರಬೇಕು. ಅಂಟುವ ರಬ್ಬರ್ ಅಟ್ಟೆಯ ಬೂಟು ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು ಏರಲು ತೊಡಗಿದರೆ ಮೊದಲ ಪಾಠ ಮನಸ್ಸಿಗೆ ವಿರೋಧವಾಗಿರುತ್ತದೆ. ಹೆದರಿದ ಮೈ ಬಂಡೆಯನ್ನು ತಬ್ಬಲು ಹೋಗುತ್ತದೆ. ತಬ್ಬಿದರೆ ಪಾದವನ್ನು ಕಲ್ಲಿಗೆ ಒತ್ತುವ ಭಾರ ಕಡಿಮೆಯಾಗಿ ಕಾಲು ಜಾರುತ್ತದೆ. ಬಂಡೆಯಿಂದ ದೂರ ಸರಿದು ನೆಟ್ಟಗೆ ನಿಂತು, ಹಿಮ್ಮಡಿ ಇಳಿಸಿ, ರಬ್ಬರು ಆದಷ್ಟೂ ಅಗಲಕ್ಕೆ ತಾಗುವಂತೆ ಭಾರ ಬಿಡಬೇಕು. ಹೆಜ್ಜೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಹಗ್ಗ ಸಿಕ್ಕಿಸಲು ಬಂಡೆಗೆ ಹೊಡೆದ ಬೋಲ್ಟುಗಳು ದೂರ ದೂರ ಇರುವುದರಿಂದ ಬಿದ್ದರೆ ಉದ್ದಕ್ಕೆ ಉಜ್ಜಿಕೊಂಡು ಹೋಗಬೇಕಾಗುತ್ತದೆ. ಹಾಗಾಗಿ ಬಲ್ಲವರ ಜೊತೆಯಿಲ್ಲದೆ ಅಲ್ಲಿ ಕಾಲಿಡಬಾರದು. ಆದರೆ ಬಲ್ಲವರು ಏರುವುದನ್ನು ಕೆಳಗಿನಿಂದ ನೋಡುವುದೇ ಒಂದು ಹಬ್ಬ. ಅವಸರವಿಲ್ಲ, ತಡಕಾಟವಿಲ್ಲ, ಅಂಗೈ ಬಂಡೆಯ ಮೇಲೆ ಸುಮ್ಮನೆ ಇರುತ್ತದೆ.

ಇಳಿಯುವುದರಲ್ಲಿ ಮಾತ್ರ ಹಿಮದವರು ನಮಗಿಂತ ಅದೃಷ್ಟವಂತರು. ತುಪ್ಪಳದ ಪಟ್ಟಿ ಕಿತ್ತು ಚೀಲಕ್ಕೆ ಹಾಕಿಕೊಂಡರೆ ಹತ್ತಿದ ದಾರಿಯೆಲ್ಲ ಜಾರುವ ಸಂತೋಷವಾಗುತ್ತದೆ. ನಮಗೆ ಇಳಿಯುವಾಗಲೂ ಹಿಡಿತವೇ ಬೇಕು, ಏರುವಾಗಿನದಕ್ಕಿಂತ ಹೆಚ್ಚು: ಮಂಡಿ ಸ್ವಲ್ಪ ಮಡಿಸಿ, ಪಾದ ಪೂರ್ತಿ ಊರಿ, ಅಡ್ಡಡ್ಡ ಹೆಜ್ಜೆ. ದೊಡ್ಡಬೆಟ್ಟದಲ್ಲಿ ಬಿಸಿಲೇರಿದ ಮೇಲೆ ಕಲ್ಲು ಸುಡುತ್ತದೆಂದು ಹಲವರು ಕಾಲುಚೀಲ ಹಾಕಿಕೊಳ್ಳುತ್ತಾರೆ. ಬಿಸಿ ತಡೆಯುತ್ತದೆ, ಆದರೆ ನಯವಾದ ಮೆಟ್ಟಿಲಿನ ಮೇಲೆ ಅದೇ ಜಾರುತ್ತದೆ. ಕಲ್ಲಿನ ಮಾತೂ ಪಾದಕ್ಕೆ ಮುಟ್ಟುವುದಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಬಂಡೆ ಕಾಯುವ ಮುಂಚೆ ಬರಿಗಾಲಲ್ಲೇ ಹತ್ತಿ ಇಳಿದುಬಿಡುವುದು ಒಳ್ಳೆಯದು.